ಇಪ್ಪತ್ತೆರಡು ವರ್ಷ ತಡವಾಗಿ ಮಡಿಕೇರಿಗೆ

ಮದುವೆಯಾದ ವರ್ಷ ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ನಾನೊಂದು ಸ್ವೆಟರ್ ಕೊಂಡಿದ್ದೆ. ಕಡುಗೆಂಪು ಬಣ್ಣ, ಮುಂದೆ ಬಿಳಿ ಗುಂಡಿಗಳು. ಬೆಲೆ 240 ರೂಪಾಯಿ. 2002ರಲ್ಲಿ ನಮ್ಮಂಥವರಿಗೆ ಅದೇನು ಸಣ್ಣ ಮೊತ್ತವಲ್ಲ. ಡಿಸೆಂಬರಿನಲ್ಲಿ ಎರಡು ದಿನ ಮಡಿಕೇರಿಗೆ ಹೋಗಿಬರೋಣ ಎಂದು ನಮ್ಮವರು ಮಾತು ಕೊಟ್ಟಿದ್ದರು. ನಾನು ಸ್ವೆಟರನ್ನು ಮಡಿಸಿ ಬ್ಯಾಗಿನ ಮೇಲೇ ಇಟ್ಟುಕೊಂಡು ದಿನ ಎಣಿಸುತ್ತಿದ್ದೆ. ಹೊರಡುವ ಹಿಂದಿನ ರಾತ್ರಿ ಅಂಗಡಿಯ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುತ್ತಲೇ, “ಅಮ್ಮ ಬೇಡ ಅಂತಿದ್ದಾರೆ ಕಣೆ. ಹೊಸ ಮದುಮಗಳು ಆ ಚಳೀಲಿ ಎಲ್ಲಿ ತಿರುಗ್ತಾಳೆ, ಮುಂದೆ ನೋಡಿದರಾಯಿತು ಅಂತ” ಎಂದರು. ಅತ್ತೆ ದೇವರ ಕೋಣೆಯ ಬಾಗಿಲಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿದ್ದರು. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಆ ‘ಮುಂದೆ’ ಬಂದದ್ದು 2024ರ ನವೆಂಬರಿನಲ್ಲಿ!

ನೀವು ನಗಬಹುದು. ಹುಣಸೂರಿನಿಂದ ಮಡಿಕೇರಿ ಏನು ಕಾಶಿಯಷ್ಟು ದೂರವೆ? ಬಸ್ಸಿನಲ್ಲಿ ಕೂತರೆ ಎರಡು, ಎರಡೂವರೆ ಗಂಟೆ. ಆದರೆ ಸೋದರಿಯರೆ, ಮನೆ ಅನ್ನುವುದು ಹೇಗೆ ಹಿಡಿದುಕೊಳ್ಳುತ್ತದೆ ಎಂದು ನಿಮಗೆ ನಾನು ಹೇಳಬೇಕೆ? ಮಗ ಹುಟ್ಟಿದ, ಅವನ ಶಾಲೆ ಬಂತು. ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆರು ವರ್ಷ ಹಾಸಿಗೆಯ ಮೇಲೇ ಇದ್ದರು. ನಮ್ಮ ನೆಂಟರ ಮದುವೆಗಳಿಗೆಲ್ಲ ಒಬ್ಬರು ಹೋದರೆ ಒಬ್ಬರು ಉಳಿಯುತ್ತಿದ್ದೆವು. ಇಬ್ಬರೂ ಒಟ್ಟಿಗೆ ಮನೆಗೆ ಬೀಗ ಹಾಕಿ ಹೊರಟದ್ದೇ ಇಲ್ಲ. ಅತ್ತೆ ತೀರಿಕೊಂಡು, ಅವರ ವರ್ಷದ ಕಾರ್ಯವೂ ಮುಗಿಯಿತು. ಮಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾನೆ. ಒಂದು ರಾತ್ರಿ ಊಟ ಮಾಡುತ್ತಾ ನಮ್ಮವರು, “ಮಡಿಕೇರಿಗೆ ಹೋಗಿಬರೋಣವೇನೆ?” ಎಂದರು. ಅನ್ನ ಬಡಿಸುವ ಕೈ ಅಲ್ಲೇ ನಿಂತಿತು. ಸಂತೋಷ ಆಯಿತೆ ಎಂದು ಕೇಳಿದರೆ, ಆಯಿತು. ಜೊತೆಗೆ, ಅವರು ಹೋದದ್ದಕ್ಕೆ ತಾನೇ ನಮಗೆ ಬಿಡುವಾದದ್ದು ಎಂಬ ಒಂದು ಮುಳ್ಳೂ ಚುಚ್ಚಿತು.

ಊಟಕ್ಕೆ ಏನೂ ಕಟ್ಟಿಕೊಳ್ಳಬೇಡ, ಎಲ್ಲ ಹೋಟೆಲಿನಲ್ಲೇ ಎಂದು ಇವರು ಹಿಂದಿನ ದಿನವೇ ಅಪ್ಪಣೆ ಮಾಡಿದ್ದರು. ನಾನು ತಲೆಯಾಡಿಸಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆರು ಚಪಾತಿ, ಚಟ್ನಿಪುಡಿ ಕಟ್ಟಿ ಬ್ಯಾಗಿನ ತಳಕ್ಕೆ ಸೇರಿಸಿದೆ. ಟ್ರಂಕಿನಿಂದ ಸ್ವೆಟರೂ ಹೊರಗೆ ಬಂತು. ಕಂಕುಳ ಹತ್ತಿರ ಬಿಗಿ. ಗುಂಡಿ ಹಾಕದೆ ತೊಟ್ಟುಕೊಂಡೆ.

ಆರು ಗಂಟೆಯ ಕೆಂಪು ಬಸ್ಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ಟಿನ ಚಿಂತೆಯಿಲ್ಲವಲ್ಲ! ನಾನು ಆಧಾರ್ ಕಾರ್ಡು ತೋರಿಸಿ ಗತ್ತಿನಿಂದ ಸೊನ್ನೆ ಟಿಕೆಟ್ ಪಡೆದೆ. ನಮ್ಮವರು ಜೇಬಿನಿಂದ ದುಡ್ಡು ತೆಗೆದರು. ಪಿರಿಯಾಪಟ್ಟಣ ದಾಟಿ, ಟಿಬೆಟಿನವರ ಬೈಲಕುಪ್ಪೆ ದಾಟಿ, ಕಾವೇರಿ ಸೇತುವೆ ಬಂದರೆ ಅಲ್ಲಿಂದಾಚೆ ಕೊಡಗು. ಕುಶಾಲನಗರದವರೆಗೂ ಬಯಲು. ಅಲ್ಲಿಂದ ಬಸ್ಸು ಏರಲು ಶುರು ಮಾಡುತ್ತದೆ, ಗಾಳಿಯ ವಾಸನೆಯೇ ಬೇರೆಯಾಗುತ್ತದೆ. ಎತ್ತರದ ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪಗಾಗುತ್ತಿರುವ ಕಾಫಿ ಹಣ್ಣು. ಒಂದು ಗಂಟೆಯಿಂದ ಪಕ್ಕಪಕ್ಕದಲ್ಲಿ ಕೂತಿದ್ದೆವು. ಮಾತಾಡಿದ್ದು ಇಷ್ಟೆ: ಗ್ಯಾಸ್ ಆಫ್ ಮಾಡಿದೆಯಾ, ಮಾಡಿದೆ. ಬಿ.ಪಿ. ಮಾತ್ರೆ ತಗೊಂಡ್ರಾ, ತಗೊಂಡೆ.

ಸುಂಟಿಕೊಪ್ಪದಲ್ಲಿ ಬಸ್ಸು ನಿಂತಾಗ ನನಗೆ ಗೌರಮ್ಮನ ನೆನಪಾಯಿತು. ಹೈಸ್ಕೂಲಿನಲ್ಲಿ ನಮ್ಮ ಕನ್ನಡ ಮೇಡಂ ಹೇಳುತ್ತಿದ್ದ ಕೊಡಗಿನ ಗೌರಮ್ಮ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದಾಕೆ. ಮದುವೆಯಾಗಿ ಬಂದು ಬಾಳಿದ್ದು ಇದೇ ಸುಂಟಿಕೊಪ್ಪದ ಬಳಿಯ ಗುಂಡುಗುತ್ತಿಯಲ್ಲಿ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಅವರನ್ನು ಕರೆಸಿಕೊಂಡು, ಮೈಮೇಲಿನ ಒಡವೆ ಬಿಚ್ಚಿಕೊಟ್ಟ ಹೆಣ್ಣುಮಗಳು. ಕತೆಗಳಿಗೆ ತನ್ನ ಹೆಸರು ಹಾಕದೆ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದೇ ಬರೆಯುತ್ತಿದ್ದರಂತೆ. 1939ರಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ವಯಸ್ಸು ಬರೀ 27. ಇದನ್ನೆಲ್ಲ ನಮ್ಮವರಿಗೆ ಹೇಳಿದೆ. “ಇಷ್ಟೆಲ್ಲ ನಿನಗೆ ಗೊತ್ತಾ?” ಎಂದು ನನ್ನ ಮುಖವನ್ನೇ ನೋಡಿದರು. ಗೊತ್ತಿರುವುದು ಇನ್ನೂ ಇದೆ, ಕೇಳಿದವರಾರು!

ಮಡಿಕೇರಿಯಲ್ಲಿ ಇಳಿದಾಗ ಎಂಟೂವರೆ. ಸಮುದ್ರಮಟ್ಟದಿಂದ 3800 ಅಡಿಗಿಂತ ಎತ್ತರದಲ್ಲಿರುವ ಊರು. ಸಮತಟ್ಟಾದ ರಸ್ತೆಯೆಂಬುದೇ ಇಲ್ಲ. ಒಂದೋ ಏರಬೇಕು, ಇಲ್ಲವೇ ಇಳಿಯಬೇಕು. ಹಾಲೇರಿ ವಂಶದ ಮುದ್ದುರಾಜ ಇದನ್ನು ರಾಜಧಾನಿ ಮಾಡಿಕೊಂಡದ್ದರಿಂದ ‘ಮುದ್ದುರಾಜನ ಕೇರಿ’, ಅದೇ ಮಡಿಕೇರಿ ಆಯಿತು ಎನ್ನುತ್ತಾರೆ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯೇ ಒಂದು ರಾಜ್ಯವಾಗಿತ್ತು, ಅದಕ್ಕೂ ಇದೇ ರಾಜಧಾನಿ.

ಬಸ್ ನಿಲ್ದಾಣದಿಂದ ಇಳಿಜಾರಿನಲ್ಲಿ ಹೋಗುವಾಗ ಒಂದು ಪುಟ್ಟ ಹೋಟೆಲು ಕಂಡಿತು. ನಾಲ್ಕೇ ಮೇಜು. ಗಂಡ ಗಲ್ಲಾದಲ್ಲಿ, ಹೆಂಡತಿ ಒಲೆಯ ಮುಂದೆ. ನೂಪುಟ್ಟು, ಪಾಪುಟ್ಟು ಎರಡೂ ಇದೆ ಎಂದರು. ನೂಪುಟ್ಟು ಎಂದರೆ ನಮ್ಮ ಒತ್ತುಶ್ಯಾವಿಗೆಯೇ. ಪಾಪುಟ್ಟು ಮಾತ್ರ ನನಗೆ ಹೊಸದು. ಅಕ್ಕಿತರಿಯನ್ನು ಹಾಲು, ಕಾಯಿತುರಿಯ ಜೊತೆ ಬಟ್ಟಲಿನಲ್ಲಿ ಹಬೆಗಿಟ್ಟು ಬೇಯಿಸಿ ಕತ್ತರಿಸಿದ್ದು. ಬೆಳ್ಳಗೆ, ಮೆತ್ತಗೆ, ಹೊಗೆಯಾಡುತ್ತಾ ತಟ್ಟೆಗೆ ಬಂತು. ಪಕ್ಕದಲ್ಲಿ ಕಡಲೆ ಕುರ್ಮ.

ಮೊದಲ ತುತ್ತು ಬಾಯಿಗಿಟ್ಟಾಗ ನಾಲಿಗೆ ಸುಟ್ಟಿತು. ಆಗ ನನಗೊಂದು ವಿಷಯ ಹೊಳೆಯಿತು. ನಾಲಿಗೆ ಸುಡುವಷ್ಟು ಬಿಸಿಯಾದದ್ದನ್ನು ನಾನು ತಿಂದು ಎಷ್ಟು ಕಾಲವಾಯಿತು! ದೋಸೆ ಹುಯ್ಯುವವಳಿಗೆ ಬಿಸಿ ದೋಸೆ ಎಲ್ಲಿಂದ ಬರಬೇಕು? ಎಲ್ಲರದೂ ಆದಮೇಲೆ ತಳದ ಹಿಟ್ಟಿನಲ್ಲಿ ಎರಡು ಹುಯ್ದುಕೊಂಡು, ಅದನ್ನೂ ನಿಂತುಕೊಂಡೇ ತಿಂದು ಮುಗಿಸುತ್ತೇವೆ. ಇಲ್ಲಿ ಕೂತು ತಿಂದೆ. ಇನ್ನೊಂದು ಪ್ಲೇಟು ಬೇಕೆ ಎಂದು ಆಕೆಯೇ ಬಂದು ಕೇಳಿದರು. ಬೇಡ ಅನ್ನುವ ಮೊದಲೇ ನಮ್ಮವರು “ಹಾಕಿ, ಹಾಕಿ” ಎಂದರು.

ಆಕೆಯನ್ನು ಮಾತಿಗೆಳೆದು ಅಳತೆ ಕೇಳಿಕೊಂಡೆ. ಒಂದು ಲೋಟ ಅಕ್ಕಿತರಿ ತೊಳೆದು, ಒಂದು ಲೋಟ ಹಾಲು, ಒಂದು ಲೋಟ ನೀರು, ಅರ್ಧ ಲೋಟ ಕಾಯಿತುರಿ, ಎರಡು ಚಮಚ ಸಕ್ಕರೆ, ರುಚಿಗೆ ಉಪ್ಪು, ಒಂದು ಏಲಕ್ಕಿ. ಹತ್ತು ನಿಮಿಷ ನೆನೆಯಲು ಬಿಟ್ಟು, ಅಂಚಿರುವ ತಟ್ಟೆಗೆ ಸುರಿದು, ಇಡ್ಲಿ ಪಾತ್ರೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಬೆ. ಕಾಯಿಯನ್ನು ಸ್ವಲ್ಪ ಉಳಿಸಿಕೊಂಡು ಮೇಲೆ ಉದುರಿಸಬೇಕು. ಆರಿದ ಮೇಲೆ ಕತ್ತರಿಸಬೇಕು, ಬಿಸಿಯಲ್ಲಿ ಚಾಕು ಹಾಕಿದರೆ ಅಂಟುತ್ತದೆ. “ತರಿ ಹಳೇ ಅಕ್ಕಿದಾದ್ರೆ ನೀರು ಜಾಸ್ತಿ ಕೇಳ್ತದೆ, ನೋಡಿಕೊಂಡು ಹಾಕಿ” ಎಂದೂ ಹೇಳಿದರು. ಇದನ್ನು ನೆನಪಿಡಿ.

ಅಲ್ಲಿಂದ ಓಂಕಾರೇಶ್ವರನ ಗುಡಿ. ತಗ್ಗಿನಲ್ಲಿದೆ, ಮೇಲಿನಿಂದ ನೋಡಿದರೆ ಗುಡಿಯೋ ಮಸೀದಿಯೋ ಎಂದು ತಬ್ಬಿಬ್ಬಾಗಬೇಕು. ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರಿನಂಥ ಗೋಪುರ, ಮುಂದೆ ಕೊಳ, ಕೊಳದ ನಡುವೆ ಮಂಟಪ. ಎರಡನೆಯ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಇದಕ್ಕೊಂದು ಕತೆಯಿದೆ. ತಪ್ಪಿಲ್ಲದ ಬ್ರಾಹ್ಮಣನೊಬ್ಬನನ್ನು ರಾಜ ಕೊಲ್ಲಿಸಿದ್ದನಂತೆ. ಅವನು ಬ್ರಹ್ಮರಾಕ್ಷಸನಾಗಿ ಕಾಡತೊಡಗಿದ. ಕಾಶಿಯಿಂದ ಲಿಂಗ ತರಿಸಿ ಗುಡಿ ಕಟ್ಟಿದ ಮೇಲೆಯೇ ಕಾಟ ನಿಂತದ್ದಂತೆ. ಕೊಳದ ಮೀನುಗಳನ್ನು ನೋಡುತ್ತಾ ನಮ್ಮವರು ಬಹಳ ಹೊತ್ತು ನಿಂತಿದ್ದರು. ಏನು ಯೋಚನೆ ಎಂದೆ. “ಏನಿಲ್ಲ” ಎಂದರು.

ಕೋಟೆಗೆ ಏರುವಾಗ ನನ್ನ ಉಸಿರು ಬಾಯಿಗೆ ಬಂತು. ಮೊದಲು ಮುದ್ದುರಾಜ ಕಟ್ಟಿದ್ದು ಮಣ್ಣಿನ ಕೋಟೆ. ಟಿಪ್ಪು ಸುಲ್ತಾನ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಒಳಗೆ ಅರಮನೆ, ಮೂಲೆಯಲ್ಲಿ ನಿಜವಾದ ಆನೆಯಷ್ಟೇ ದೊಡ್ಡವಾದ ಎರಡು ಗಾರೆ ಆನೆಗಳು. ಬ್ರಿಟಿಷರ ಕಾಲದ ಚರ್ಚು 1855ರದ್ದು, ಆಮೇಲೆ ವಸ್ತು ಸಂಗ್ರಹಾಲಯವಾದದ್ದು. ಆನೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ಇವರು ಮೊಬೈಲಿನಲ್ಲಿ ಫೋಟೊ ತೆಗೆದರು. ಮಗನಿಗೆ ಕಳಿಸಿದರೆ, “ಅಮ್ಮ, ಎಡಗಡೆಯವರು ಯಾರು?” ಎಂದು ಉತ್ತರ ಬಂತು. ಪೋಕರಿ.

ಮುಂದಿನದಕ್ಕೆ ಆಟೋ ಮಾಡಿದೆವು. ಗದ್ದಿಗೆ, ಅಬ್ಬಿ ಜಲಪಾತ, ವಾಪಸ್ಸು ಪೇಟೆ, ಮೂರಕ್ಕೂ ಸೇರಿಸಿ ಮೊದಲೇ ದರ ಮಾತಾಡಿಕೊಂಡದ್ದು ಒಳ್ಳೆಯದಾಯಿತು. ನೀವು ಹೋದರೂ ಹಾಗೆಯೇ ಮಾಡಿ. ಕಾಯುವ ಹೊತ್ತಿಗೂ ಸೇರಿಸಿ ಮಾತಾಡಿ.

ಗದ್ದಿಗೆ ಎಂದರೆ ಕೊಡಗಿನ ರಾಜರ ಸಮಾಧಿಗಳು. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು ಒಂದು, ಲಿಂಗರಾಜೇಂದ್ರ ಮತ್ತು ರಾಣಿಯದು ಇನ್ನೊಂದು. ಅದೇ ಗುಮ್ಮಟ, ಅದೇ ಮಿನಾರು. ಜನರಿಲ್ಲ, ಗದ್ದಲವಿಲ್ಲ, ಹಸಿರು ಹುಲ್ಲು. ಕೊನೆಯ ರಾಜ ಚಿಕವೀರ ರಾಜೇಂದ್ರನದು ಇಲ್ಲಿಲ್ಲ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಗೊತ್ತಿರುತ್ತದೆ, 1834ರಲ್ಲಿ ಬ್ರಿಟಿಷರು ಅವನನ್ನು ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ಆ ಹುಡುಗಿಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ದೀಕ್ಷಾಸ್ನಾನ ಮಾಡಿಸಿದಳು. ರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮಗಳು 1864ರಲ್ಲಿ ಹೋದಾಗ 23 ಕೂಡ ತುಂಬಿರಲಿಲ್ಲ. ರಾಣಿ ಮುದ್ದು ಮಾಡಿದರೇನು, ಹನ್ನೊಂದರ ಹುಡುಗಿಯನ್ನು ಹುಟ್ಟಿದೂರಿನಿಂದ ಕಿತ್ತು ಎಲ್ಲಿಗೋ ನೆಟ್ಟರೆ ಹೇಗೆ ಚಿಗುರೀತು?

ಅಬ್ಬಿ ಜಲಪಾತ ಪೇಟೆಯಿಂದ ಸುಮಾರು 8 ಕಿಲೋಮೀಟರು. ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ಹೋಗಬೇಕು. ಮಳೆಗಾಲ ಮುಗಿದಿದ್ದರೂ ನೀರು ಚೆನ್ನಾಗಿತ್ತು, ಹನಿ ಮುಖಕ್ಕೇ ಬಡಿಯುತ್ತಿತ್ತು. ಆದರೆ ಇಲ್ಲೇ ನಮ್ಮ ದಿನ ಕೆಡಲು ಶುರುವಾಯಿತು. ಇಳಿಯುವಾಗ ಸುಖ, ಹತ್ತುವಾಗ ನನ್ನ ಮಂಡಿ ಹಿಡಿಯಿತು. ಹೊಸ ಚಪ್ಪಲಿ ಬೇರೆ ಕಚ್ಚುತ್ತಿತ್ತು. “ಬೆಟ್ಟದೂರಿಗೆ ಈ ಚಪ್ಪಲಿ ಯಾರು ಹಾಕ್ಕೊಂಡು ಬಾ ಅಂದ್ರು?” ಎಂದು ಇವರು ಮುಂದೆ ಮುಂದೆ ಹತ್ತಿಬಿಟ್ಟರು. ನಾಲ್ಕು ಜನರ ಎದುರು ಹಾಗೆ ಅನ್ನಿಸಿಕೊಂಡು ನನಗೆ ರೇಗಿತು. ದಯವಿಟ್ಟು ಹಳೆಯ, ಕಾಲಿಗೆ ಒಗ್ಗಿದ ಚಪ್ಪಲಿಯನ್ನೇ ಹಾಕಿಕೊಂಡು ಹೋಗಿ. ಮಂಡಿನೋವಿದ್ದವರು ಮೇಲೇ ಕೂತು ಕಾಫಿ ಕುಡಿದರೂ ನಷ್ಟವಿಲ್ಲ.

ಊಟಕ್ಕೆ ದೊಡ್ಡ ಹೋಟೆಲಿಗೇ ಹೋಗಬೇಕೆಂದು ಇವರ ಹಟ. ಗಾಜಿನ ಕಿಟಕಿ, ಬಟ್ಟೆ ಹೊದಿಸಿದ ಮೇಜು. ಮೆನು ಪೂರಾ ಇಂಗ್ಲಿಷಿನಲ್ಲಿ. ಕೊಡಗೆಂದರೆ ಪಂದಿ ಕರಿ, ಕೋಳಿ ಕರಿ ಎಂದು ಮಾಂಸ ತಿನ್ನುವವರು ಬಾಯಿ ಚಪ್ಪರಿಸುತ್ತಾರೆ. ನಾವು ಸಸ್ಯಾಹಾರಿಗಳು. ಕಡಂಬುಟ್ಟು, ಅಣಬೆಯ ‘ಕುಮ್ಮು ಕರಿ’, ಅನ್ನ, ತಿಳಿಸಾರು ಹೇಳಿದೆವು. ಕಾದೆವು, ಕಾದೆವು. ಮುಕ್ಕಾಲು ಗಂಟೆಯಾದರೂ ಏನೂ ಬರಲಿಲ್ಲ. ಎದುರುಬದುರು ಕೂತಿದ್ದೆವು, ನೋಡಲು ಟಿ.ವಿ. ಇಲ್ಲ, ಎದ್ದು ಹೋಗಲು ಅಡುಗೆಮನೆ ಇಲ್ಲ. ಚಪ್ಪಲಿಯ ಸಿಟ್ಟು ಇನ್ನೂ ಆರಿರಲಿಲ್ಲ. ಬಾಯಿ ತಪ್ಪಿ ಅಂದುಬಿಟ್ಟೆ.

“ಅಂದೇ ಬಂದಿದ್ರೆ ಮೆಟ್ಟಿಲೇನು, ಬೆಟ್ಟಾನೇ ಹತ್ತುತ್ತಿದ್ದೆ. ನಿಮ್ಮಮ್ಮ ಬಿಡಬೇಕಲ್ಲ.”

ನಮ್ಮವರು ನೀರಿನ ಲೋಟವನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸಿದರು. ಆಮೇಲೆ, “ಅಮ್ಮ ಬೇಡ ಅನ್ನಲಿಲ್ಲ ಕಣೆ” ಎಂದರು.

ನನಗೆ ಅರ್ಥವಾಗಲಿಲ್ಲ.

“ಆಗ ನಾನಿದ್ದ ಅಂಗಡೀಲಿ ಲೆಕ್ಕದಲ್ಲಿ ದುಡ್ಡು ಕಡಿಮೆ ಬಂತು. ನಾನು ಬರೆದ ಲೆಕ್ಕ, ನನ್ನ ಕೈಯಿಂದಲೇ ಕಟ್ಟಿಸಿದರು. ಮಡಿಕೇರಿಗೆ ಅಂತ ಇಟ್ಟಿದ್ದೂ ಹೋಯಿತು, ಆ ತಿಂಗಳ ಸಂಬಳಾನೂ ಹೋಯಿತು. ಸಂಜೆ ಬಂದು ಹಿತ್ತಲಲ್ಲಿ ಅಮ್ಮನ ಹತ್ತಿರ ಹೇಳಿಕೊಂಡೆ. ಏಳು ತಿಂಗಳ ಹೆಂಡತಿ, ನಿನ್ನ ಹತ್ತಿರ ಹೇಗೆ ಹೇಳಲಿ, ಕದ್ದವನು ಅಂದ್ಕೊಂಡರೆ ಅಂತ. ಅಮ್ಮಾನೇ ಅಂದರು, ‘ನನ್ನ ಹೆಸರು ಹೇಳು. ಅತ್ತೆ ಅಂದ ಮೇಲೆ ಸ್ವಲ್ಪ ಬೈಸಿಕೊಂಡರೆ ಏನೂ ಆಗಲ್ಲ. ಹೆಂಡತಿ ಮುಂದೆ ನೀನು ಸಣ್ಣವನಾಗಬೇಡ’ ಅಂತ.”

ಆಗಲೇ ಊಟ ಬಂತು. ಕಡಂಬುಟ್ಟು ಎಂದರೆ ಅಕ್ಕಿತರಿಯ ಉಂಡೆ. ಮೆತ್ತಗಿರಬೇಕಾದದ್ದು ತಣ್ಣಗಾಗಿ ಕಲ್ಲಿನಂತಿತ್ತು. ಕರಿಯಲ್ಲಿ ಕಾಚಂಪುಳಿಯ ಹುಳಿಯೂ ಇಲ್ಲ, ಅಣಬೆಯ ವಾಸನೆಯೂ ಇಲ್ಲ. ಕೆಂಪು ಬಣ್ಣ, ಎಣ್ಣೆ ಅಷ್ಟೆ. ಬಿಲ್ಲು 780 ರೂಪಾಯಿ. ಆದರೆ ಅಡುಗೆಯನ್ನು ದೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಕೈ ತೊಳೆಯಲು ಎದ್ದುಬಿಟ್ಟೆ.

ಯಾಕೆ ಎಂದು ನಿಮಗೆ ಹೇಳಲೇಬೇಕು. ಅತ್ತೆ ಹಾಸಿಗೆ ಹಿಡಿದು ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಇರಬೇಕು. ಒಂದು ಮಧ್ಯಾಹ್ನ ಅವರಿಗೆ ಗಂಜಿ ಕುಡಿಸುತ್ತಿದ್ದೆ. ತಟ್ಟನೆ ನನ್ನ ಕೈ ಹಿಡಿದುಕೊಂಡು, “ನೀವಿಬ್ಬರೂ ಒಂದ್ಸಲ ಮಡಿಕೇರಿಗೆ ಹೋಗಿ ಬನ್ನಿ ಕಣಮ್ಮ. ನಿನ್ನ ತಂಗೀನ ಕರೆಸು, ಎರಡು ದಿನ ನನ್ನ ನೋಡ್ಕೋತಾಳೆ” ಎಂದರು. ನಾನು ಏನಂದೆ ಗೊತ್ತೆ? “ಅಂದು ಬೇಡ ಅಂದವರು ಇಂದ್ಯಾಕೆ ಹೋಗಿ ಅಂತೀರಿ?” ಎಂದೆ. ಚಮಚ ಬಟ್ಟಲಿಗೆ ಹಾಕಿದ ಸದ್ದು ಈಗಲೂ ಕಿವಿಯಲ್ಲಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಮಗನನ್ನು ಬಿಟ್ಟುಕೊಡಲಿಲ್ಲ.

ಅವರ ಸೇವೆಯಲ್ಲಿ ನಾನು ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಔಷಧಿ, ಬಿಸಿನೀರು, ಬೆನ್ನಿಗೆ ಪೌಡರು. ಅಕ್ಕಪಕ್ಕದವರು ಹೊಗಳುತ್ತಿದ್ದರು. ಆದರೆ ಮನಸ್ಸಿನ ಮೂಲೆಯಲ್ಲಿ ಆ ಕೆಂಪು ಸ್ವೆಟರು ಮಡಿಸಿಟ್ಟೇ ಇತ್ತು. ಬೆನ್ನು ಒರೆಸುವಾಗ ಕೈ ಒಮ್ಮೊಮ್ಮೆ ಒರಟಾದದ್ದು ನನಗೆ ಗೊತ್ತು, ಅವರಿಗೆ ಗೊತ್ತು.

ಹೊರಗೆ ಬಂದಾಗ ಮೂರೂವರೆ. ಆಟೋದವನು ರಾಜಾಸೀಟಿಗೆ ಬಿಟ್ಟ. ದಾರಿಯುದ್ದಕ್ಕೂ ಅವನದೇ ಮಾತು. 2018ರ ಆಗಸ್ಟ್ ಮಳೆಯಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಕುಸಿದದ್ದು, ಮನೆ ತೋಟ ಕೊಚ್ಚಿಹೋದದ್ದು. “ಗುಡ್ಡ ಒಂದೇ ದಿನಕ್ಕೆ ಬಿದ್ದದ್ದಲ್ಲ ಅಕ್ಕಾ, ಒಳಗೆ ನೀರು ಕೂತುಕೊಂಡೇ ಇತ್ತು” ಎಂದ. ನಾವಿಬ್ಬರೂ ಹೂಂ ಎಂದೆವು.

ರಾಜಾಸೀಟ್ ಒಂದು ಉದ್ಯಾನ. ತುದಿಯಲ್ಲಿ ನಾಲ್ಕು ಕಂಬ, ಕಮಾನುಗಳ ಪುಟ್ಟ ಮಂಟಪ. ರಾಜರು ಇಲ್ಲಿ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದರಂತೆ. ಕೆಳಗೆ ಕಣಿವೆ, ಗದ್ದೆ, ಹಾವಿನಂತೆ ಹೋಗುವ ರಸ್ತೆ, ಪದರು ಪದರಾಗಿ ನೀಲಿ ಬೆಟ್ಟಗಳು, ಹೀಗೆಂದು ಎಲ್ಲರೂ ಬರೆಯುತ್ತಾರೆ. ನಮಗೆ ಕಂಡದ್ದು ಬರೀ ಮಂಜು. ಕಟಾಂಜನದ ಆಚೆ ಬಿಳಿ ಪರದೆ ಎಳೆದಂತೆ. ಮಧುಚಂದ್ರಕ್ಕೆ ಬಂದಿದ್ದ ಜೋಡಿಯೊಂದು ಆ ಮಂಜಿಗೇ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ಹುಡುಗಿಯ ಸ್ವೆಟರಿನ ಬಣ್ಣ ನಾನು ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕಲ್ಲುಬೆಂಚಿನ ಈ ತುದಿಗೆ ನಾನು, ಆ ತುದಿಗೆ ಅವರು. ಒಂದು ಗಂಟೆಯಾದರೂ ಕೂತಿರಬೇಕು. ಮಂಜು ಸರಿಯಲಿಲ್ಲ. ಚಳಿ ಏರಿತು. ಇವರು ತೋಳು ಉಜ್ಜಿಕೊಳ್ಳುತ್ತಿದ್ದರು, ಬೆಚ್ಚಗಿನದೇನೂ ತಂದಿರಲಿಲ್ಲ. ಇಬ್ಬರೂ ಊಟ ಮಾಡಿರಲಿಲ್ಲವಲ್ಲ, ಹೊಟ್ಟೆ ಬೇರೆ ಕೇಳುತ್ತಿತ್ತು. ಬ್ಯಾಗಿನ ತಳದಿಂದ ಚಪಾತಿ ಗಂಟು ತೆಗೆದು ನಡುವೆ ಇಟ್ಟೆ. ಅವರು ನೋಡಿದರು. “ಕಟ್ಟಿಕೋಬೇಡ ಅಂದಿದ್ದೆ” ಎಂದರು. “ನೀವು ಅಂದದ್ದನ್ನೆಲ್ಲ ನಂಬಬಾರದು ಅಂತ ಇವತ್ತು ಗೊತ್ತಾಯಿತಲ್ಲ” ಎಂದೆ. ಮೂರು ಅವರಿಗೆ, ಮೂರು ನನಗೆ.

ಎರಡನೆಯ ಚಪಾತಿಗೆ ಬಂದಾಗ ಕೇಳಿದೆ, “ಎಷ್ಟು ಕಡಿಮೆ ಬಂದಿತ್ತು?”

“3400.”

“ಆಮೇಲೆ ಸಿಕ್ಕಿತಾ?”

“ಇಲ್ಲ. ಎಲ್ಲೋ ಕೂಡಿದ್ದು ತಪ್ಪಿರಬೇಕು. ನಂದೇ ಇರಬಹುದು.” ಸ್ವಲ್ಪ ಹೊತ್ತು ಬಿಟ್ಟು, “ಹೇಳಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ಅಮ್ಮ ಇರೋವರೆಗೂ ಹೇಳಬೇಡ ಅಂದಿದ್ದರು” ಎಂದರು.

ನನಗೆ ಸಿಟ್ಟು ಬಂದದ್ದು ನಿಜ. ಇವರ ಮೇಲೆ ಬಂತು. ಹೇಳದೆ ಹೋದ ಅತ್ತೆಯ ಮೇಲೂ ಬಂತು. ಕಷ್ಟ ಹೇಳಿಕೊಂಡರೆ ಹೆಂಡತಿ ಏನು ನುಂಗಿಬಿಡುತ್ತಿದ್ದಳೆ? ಸ್ವೆಟರು ಹಿಂದಕ್ಕೆ ಕೊಟ್ಟು 240 ರೂಪಾಯಿ ತಂದು ನಾನೇ ಅವರ ಕೈಗೆ ಇಡುತ್ತಿದ್ದೆನೋ ಏನೋ. ಅಥವಾ ಇಡುತ್ತಿರಲಿಲ್ಲವೋ. ಇಪ್ಪತ್ತೊಂದರ ಹುಡುಗಿ, ನನ್ನ ಬಗ್ಗೆಯೇ ನನಗೆ ಭರವಸೆಯಿಲ್ಲ. ಕೈ ಒರೆಸಿಕೊಂಡು ಎದ್ದೆವು. ನನ್ನ ಶಾಲನ್ನು ತೆಗೆದು ಅವರಿಗೆ ಕೊಟ್ಟೆ. ಹೆಂಗಸರ ಶಾಲು ಎಂದು ಸಂಕೋಚಪಟ್ಟರು, ಆಮೇಲೆ ಹೊದ್ದುಕೊಂಡರು.

ಪೇಟೆಯಲ್ಲಿ ಕಾಲು ಕಿಲೋ ಮೆಣಸು, ನೂರು ಗ್ರಾಂ ಏಲಕ್ಕಿ ಕೊಂಡೆ. ಮೆಣಸನ್ನು ನೀರಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ, ಒಳ್ಳೆಯದು ಮುಳುಗುತ್ತದೆ, ಜೊಳ್ಳು, ಪರಂಗಿ ಬೀಜ ತೇಲುತ್ತವೆ. ಕಾಚಂಪುಳಿಯ ಪುಟ್ಟ ಬಾಟಲಿಯೂ ಸಿಕ್ಕಿತು. ಅದೊಂದು ಜಾತಿಯ ಹುಳಿಹಣ್ಣಿನ ರಸ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ್ದು. ವರ್ಷಗಟ್ಟಲೆ ಕೆಡುವುದಿಲ್ಲ, ಪಲ್ಯಕ್ಕೆ ಅರ್ಧ ಚಮಚ ಧಾರಾಳ. ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಎಷ್ಟು ಬೆರೆಸಲಿ ಎಂದು ಕೇಳಿದರು. “ಹತ್ತು ಭಾಗ ಸಾಕು, ಜಾಸ್ತಿ ಹಾಕಿದರೆ ನಮ್ಮತ್ತೆ...” ಎಂದು ಅಷ್ಟಕ್ಕೆ ನಿಲ್ಲಿಸಿದೆ. ಅಂಗಡಿಯವರು ಕಾಯುತ್ತಿದ್ದರು. “ಹತ್ತೇ ಹಾಕಿ” ಎಂದರು ನಮ್ಮವರು.

ಮನೆ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಬೆಳಿಗ್ಗೆ ಎದ್ದು ಹೊಸ ಪುಡಿಯ ಡಿಕಾಕ್ಷನ್ ಇಳಿಸಿ ಮೊದಲ ಲೋಟವನ್ನು ಅತ್ತೆಯ ಫೋಟೊದ ಮುಂದೆ ಇಟ್ಟೆ. ಏನಾದರೂ ಹೇಳಬೇಕೆಂದು ನಿಂತೆ, ಮಾತು ಹೊರಡಲಿಲ್ಲ. ಅವರಿಗೆ ಬಿಸಿಬಿಸಿ ಬೇಕಿತ್ತು, ಆರಿಸಿಕೊಟ್ಟರೆ ಬೈಯುತ್ತಿದ್ದರು. ನಮ್ಮವರು ಪೇಪರಿನ ಮೇಲಿಂದ ನೋಡಿದರು, ಕೇಳಲಿಲ್ಲ. ಸ್ವೆಟರನ್ನು ಟ್ರಂಕಿಗೆ ಹಾಕಲಿಲ್ಲ, ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದ್ದೇನೆ. ಹಾಲು ತರಲು ಹೋಗುವಾಗ ತೊಟ್ಟುಕೊಳ್ಳುತ್ತೇನೆ.

ಭಾನುವಾರ ಪಾಪುಟ್ಟು ಮಾಡಿದೆ. ಇವರನ್ನು ಒಲೆಯ ಪಕ್ಕ ಕೂರಿಸಿ, ಇಬ್ಬರೂ ಒಟ್ಟಿಗೇ ತಿಂದೆವು. ಸ್ವಲ್ಪ ಗಟ್ಟಿಯಾಯಿತು. ನಮ್ಮದು ಹಳೇ ಅಕ್ಕಿ, ಆಕೆ ಹೇಳಿದಂತೆ ಇನ್ನೂ ಅರ್ಧ ಲೋಟ ನೀರು ಹಾಕಬೇಕಿತ್ತು.